ಬಿಸಿಲು ಬಿಟ್ಟಿ, ಬ್ಯಾಟರಿ ಬಿಟ್ಟಿಯಲ್ಲ

ನಮ್ಮ ಹೊಲದ ಮನೆಗೆ ಕರೆಂಟಿನ ತಂತಿ ಬಂದಿಲ್ಲ. 2018ರ ಯುಗಾದಿಗೆ ಗೃಹಪ್ರವೇಶವಾಯಿತು. ಅಂದಿನಿಂದ ಇವತ್ತಿನವರೆಗೂ ಸೋಲಾರಿನಲ್ಲೇ ಸಂಸಾರ ನಡೆದಿದೆ. ನೋಡೋಕೆ ಅಂತ ಬರುವ ರೈತರು ಅಂಗಳದಲ್ಲಿ ನಿಂತು, ಮೇಲೆ ಪ್ಯಾನಲ್ ಕಡೆ ಕತ್ತೆತ್ತಿ, ಮೊದಲು ಕೇಳುವುದು ‘ಎಷ್ಟಾಯ್ತು?’ ಅಂತ. ಆಮೇಲೆ ‘ಸಬ್ಸಿಡಿ ಎಷ್ಟು ಬಂತು?’ ಅಂತ. ಬ್ಯಾಟರಿ ಸತ್ತಾಗ ಏನು ಮಾಡಿದಿರಿ ಅಂತ ಇದುವರೆಗೆ ಒಬ್ಬರೂ ಕೇಳಿಲ್ಲ.

ನಮ್ಮನೆ ನೋಡಿ ಹೋದ ಕೆಲವರು ತಮ್ಮ ಮನೆಗೂ ಹಾಕಿಸಿಕೊಂಡರು. ಅವರಲ್ಲಿ ಇಬ್ಬರು ಈಗ ನನ್ನನ್ನು ಕಂಡರೆ ಬೈಯುತ್ತಾರೆ. ತಪ್ಪು ನನ್ನದೇ. ಅವರಿಗೆ ನಾನು ಅರ್ಧ ಲೆಕ್ಕ ಮಾತ್ರ ಹೇಳಿದ್ದೆ. ಉಳಿದ ಅರ್ಧ ಲೆಕ್ಕವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಪಾವಗಡ ತಾಲ್ಲೂಕು. ಇಲ್ಲಿ ಸೋಲಾರ್ ಅಂದರೆ ಎಲ್ಲರಿಗೂ ನೆನಪಾಗುವುದು ತಿರುಮಣಿ, ವಳ್ಳೂರು, ಬಳಸಮುದ್ರದ ಕಡೆ ಇರುವ ದೊಡ್ಡ ಪಾರ್ಕ್. ಹದಿಮೂರು ಸಾವಿರ ಎಕರೆ, 2,050 ಮೆಗಾವಾಟ್. ರೈತರ ಜಮೀನು ಕೊಂಡುಕೊಳ್ಳದೆ ಗುತ್ತಿಗೆಗೆ ಹಿಡಿದರು. ಎಕರೆಗೆ ವರ್ಷಕ್ಕೆ 21 ಸಾವಿರದಿಂದ ಶುರು, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದು ಏರಿಕೆ. ನನ್ನ ಷಡ್ಡಕನೂ ಕೊಟ್ಟಿದ್ದಾನೆ. ಕಡಲೆಕಾಯಿ ಬಿತ್ತಿ ಮುಗಿಲು ನೋಡೋದು ತಪ್ಪಿತು ಅಂತಾನೆ, ಕೂತು ಕೂತು ಸೊಂಟ ಹಿಡೀತು ಅಂತಲೂ ಅಂತಾನೆ. ಆ ಮಾತು ಇನ್ನೊಮ್ಮೆ ಬರೆಯುವಂಥದ್ದು. ಪಾರ್ಕಿನ ಮೊದಲ ಹಂತ ಉದ್ಘಾಟನೆಯಾದದ್ದು 2018ರ ಮಾರ್ಚಿನಲ್ಲಿ. ನಮ್ಮ ಗೃಹಪ್ರವೇಶವೂ ಅದೇ ತಿಂಗಳು. ಅಲ್ಲಿ 2,050 ಮೆಗಾವಾಟ್, ಇಲ್ಲಿ 320 ವಾಟ್! ಆದರೆ ಅಲ್ಲಿನ ಕರೆಂಟ್ ಹುಟ್ಟಿದ ಗಳಿಗೆಯಲ್ಲೇ ದೊಡ್ಡ ತಂತಿ ಹತ್ತಿ ಹೋಗುತ್ತದೆ. ಹೊತ್ತು ಮುಳುಗಿದರೆ ಪ್ಯಾನಲಿನ ಕೆಲಸ ಮುಗಿಯಿತು. ನಮಗೆ ಕೆಲಸ ಶುರುವಾಗುವುದೇ ಹೊತ್ತು ಮುಳುಗಿದ ಮೇಲೆ. ಹಗಲಿನದನ್ನು ರಾತ್ರಿಗೆ ಎತ್ತಿಡಬೇಕು. ಎತ್ತಿಡುವ ಕಣಜವೇ ಬ್ಯಾಟರಿ.

ಸೋಲಾರಿಗೆ ಹೋದದ್ದು ಶೋಕಿಗಲ್ಲ. ಊರೊಳಗಿನ ಹಿರೀಕರ ಮಾಳಿಗೆ ಮನೆ ಮೂರು ಪಾಲಾಗಿ ನನಗೆ ಒಂದಂಕಣ ಉಳಿಯಿತು. ಹೊಲದಲ್ಲಿ ಮನೆ ಕಟ್ಟೋಣ ಅಂದರೆ ಕರೆಂಟ್ ಬೇಕಲ್ಲ. ವಿಚಾರಿಸಿದೆ. ಹನ್ನೆರಡು ಕಂಬ ನೆಡಬೇಕು, ಖರ್ಚು ನಿಮ್ಮದು, ಹೆಚ್ಚುಕಮ್ಮಿ ಎರಡು ಲಕ್ಷ ಅಂದರು. ಎರಡು ಲಕ್ಷ ಇದ್ದಿದ್ದರೆ ನಾನು ಇನ್ನೊಂದು ಕೋಣೆ ಕಟ್ಟುತ್ತಿದ್ದೆ.

ಕಟ್ಟುವಾಗ ಒಂದು ಒಳ್ಳೆಯ ಕೆಲಸ ಮಾಡಿದೆ. ಪ್ಯಾನಲ್ ತರುವ ಮೊದಲು ಮನೆಯ ಬಗ್ಗೆ ಯೋಚಿಸಿದೆ. ನಮ್ಮಪ್ಪನ ಮಾಳಿಗೆ ಮನೆ ಬೇಸಿಗೆಯಲ್ಲಿ ತಣ್ಣಗಿರುತ್ತಿತ್ತು, ಆದರೆ ಒಳಗೆ ಹಗಲಲ್ಲೂ ಬುಡ್ಡಿ ಹಚ್ಚಬೇಕಿತ್ತು. ಬೆಳಕಿಂಡಿ ಒಂದೇ, ಅದೂ ಒಲೆಯ ಮೇಲೆ. ಈಗಿನ ಶೀಟ್ ಮನೆಗಳು ಇದಕ್ಕೆ ಉಲ್ಟಾ. ಬೆಳಕು ಬೇಕಾದಷ್ಟು, ಏಪ್ರಿಲ್ ಬಂತೆಂದರೆ ಹಂಚಿನ ಮೇಲೆ ಕೂತ ಹಾಗೆ. ತಣ್ಣಗೂ ಇರಬೇಕು, ಬೆಳಕೂ ಇರಬೇಕು. ಇವೆರಡೂ ಮನೆಯಿಂದಲೇ ಬಂದರೆ ಅಷ್ಟರಮಟ್ಟಿಗೆ ಸೋಲಾರ್ ಖರ್ಚು ಉಳಿಯಿತು.

ಮನೆಯನ್ನು ಪೂರ್ವ ಪಶ್ಚಿಮಕ್ಕೆ ಉದ್ದ ಮಾಡಿದೆ. ಉದ್ದನೆ ಗೋಡೆಗಳು ಉತ್ತರಕ್ಕೂ ದಕ್ಷಿಣಕ್ಕೂ ಮುಖ ಮಾಡಿದವು. ಸಂಜೆಯ ಓರೆ ಬಿಸಿಲಿಗೆ ಸಿಗುವುದು ಪಶ್ಚಿಮದ ಗಿಡ್ಡ ಗೋಡೆ ಮಾತ್ರ. ಅಲ್ಲಿ ಕಿಟಕಿ ಇಡಲಿಲ್ಲ. ಸೌದೆ, ಹಗ್ಗ, ಗುದ್ದಲಿ ಇಡುವ ಒತ್ತು ಕೋಣೆ ಅಲ್ಲಿಗೆ ಬಂತು. ದಕ್ಷಿಣಕ್ಕೆ ಆರಡಿ ಜಗಲಿ. ಗೋಡೆಗೆ ಹೊಲದ್ದೇ ಕೆಂಪು ಮಣ್ಣು. ನೂರಕ್ಕೆ ಏಳು ಪಾಲು ಸಿಮೆಂಟ್ ಕಲಸಿ ಕೈಯಂತ್ರದಲ್ಲಿ ಒತ್ತಿ ಮಾಡಿದ ಇಟ್ಟಿಗೆ. ಸುಡುವ ಹಾಗಿಲ್ಲ, ಮೂರು ವಾರ ನೀರು ಚಿಮುಕಿಸಿ ಹದ ಮಾಡಬೇಕು. ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ದವರು ಬಹಳ ವರ್ಷ ಕೆಲಸ ಮಾಡಿದ ಇಟ್ಟಿಗೆ ಇದು. ಅಸ್ತ್ರ ಒಲೆ ಅಂದರೆ ನಮ್ಮ ವಯಸ್ಸಿನವರಿಗೆ ಗೊತ್ತಾಗುತ್ತದೆ. ಎರೆಮಣ್ಣಿನವರು ಇದಕ್ಕೆ ಕೈ ಹಾಕಬೇಡಿ, ಎರೆ ಬಿರಿಯುತ್ತದೆ. ತಾರಸಿಯ ಮೇಲೆ ಪ್ರತಿ ವರ್ಷ ಶಿವರಾತ್ರಿ ಕಳೆದ ಮೇಲೆ ಬಿಳಿ ಸುಣ್ಣ ಬಳಿಯುತ್ತೇವೆ. ಬಳಿದ ದಿನ ರಾತ್ರಿಯೇ ಒಳಗೆ ವ್ಯತ್ಯಾಸ ತಿಳಿಯುತ್ತದೆ. ಅಡುಗೆಮನೆಗೂ ನಡುಮನೆಗೂ ತಾರಸಿಯಲ್ಲಿ ಒಂದೊಂದು ಗಾಜಿನ ಬೆಳಕಿಂಡಿ ಇಟ್ಟೆವು. ಗಾರೆ ಮೇಸ್ತ್ರಿಗೆ ಇದು ಬಿಲ್ಕುಲ್ ಇಷ್ಟವಿರಲಿಲ್ಲ. ‘ಸೋರ್ತದೆ ಗೌಡ್ರೇ, ಆಮೇಲೆ ನನ್ನ ಬೈಬ್ಯಾಡಿ’ ಅಂದ. ಮೊದಲ ವರ್ಷ ಸೋರಿತು. ಸುತ್ತ ನಾಲ್ಕಿಂಚು ಕಟ್ಟೆ ಎತ್ತಿದ ಮೇಲೆ ನಿಂತಿತು. ಈಗ ಹಗಲು ನಮ್ಮ ಮನೆಯಲ್ಲಿ ಎಲ್ಲೂ ದೀಪ ಹಾಕುವುದಿಲ್ಲ.

ಇನ್ನು ಕರೆಂಟಿನ ಲೆಕ್ಕ. ಇದು ಕಷ್ಟದ್ದೇನಲ್ಲ, ಹಾಲಿನ ಲೆಕ್ಕದ ಹಾಗೆ. ಒಂದು ಸಾಮಾನು ಎಷ್ಟು ವಾಟ್, ದಿನಕ್ಕೆ ಎಷ್ಟು ಗಂಟೆ ಉರಿಯುತ್ತದೆ, ಎರಡನ್ನೂ ಗುಣಿಸಬೇಕು. ಸಾವಿರ ಬಂದರೆ ಒಂದು ಯೂನಿಟ್. ನಮ್ಮ ಮನೆಯಲ್ಲಿ ಏಳು ವಾಟಿನ ಐದು ಎಲ್‌ಇಡಿ ಬಲ್ಬು, ತಲಾ ನಾಲ್ಕು ಗಂಟೆ: 140. ಕುರಿ ರೊಪ್ಪದ ಹತ್ತಿರ ಮೂರು ವಾಟಿನದು ಒಂದು, ರಾತ್ರಿಯೆಲ್ಲ: 36. ಎರಡು ಫ್ಯಾನು, 28 ವಾಟಿನವು, ಎಂಟು ಗಂಟೆ: 448. ಟಿ.ವಿ. ಎರಡು ಗಂಟೆ: 60. ಫೋನುಗಳಿಗೆ 40. ಮಿಕ್ಸಿ 500 ವಾಟಿನದಾದರೂ ದಿನಕ್ಕೆ ಆರು ನಿಮಿಷ ತಿರುಗಿದರೆ 50 ಅಷ್ಟೆ. ಎಲ್ಲಾ ಕೂಡಿದರೆ 774. ಮುಕ್ಕಾಲು ಯೂನಿಟ್ಟಿಗೆ ಸ್ವಲ್ಪ ಮೇಲೆ.

ಆ ಫ್ಯಾನುಗಳನ್ನು ಗಮನಿಸಿ. ಅಂಗಡಿಯಲ್ಲಿ ಸಿಗುವ ಮಾಮೂಲಿ ಫ್ಯಾನು 75 ವಾಟ್ ತಿನ್ನುತ್ತದೆ. ಅಂಥವು ಎರಡು ಎಂಟು ಗಂಟೆ ತಿರುಗಿದರೆ 1,200. ನಮ್ಮ ಇಡೀ ಮನೆಯ ಖರ್ಚಿಗಿಂತ ಜಾಸ್ತಿ! ನಾವು ಹಾಕಿದ್ದು ಬಿಎಲ್‌ಡಿಸಿ ಅನ್ನುವ ಜಾತಿಯದು. ಆಗ ಒಂದಕ್ಕೆ ಎರಡೂವರೆ ಸಾವಿರ ಕೊಟ್ಟೆ. ದುಬಾರಿ ಅಂತ ಮನೆಯವಳು ಮುಖ ಊದಿಸಿಕೊಂಡಳು. ಆದರೆ ಅಗ್ಗದ ಫ್ಯಾನು ತಂದಿದ್ದರೆ ಪ್ಯಾನಲೂ ಬ್ಯಾಟರಿಯೂ ಹೆಚ್ಚುಕಮ್ಮಿ ಎರಡರಷ್ಟು ಬೇಕಾಗುತ್ತಿತ್ತು.

ಆದಾಯದ ಕಡೆ ನೋಡಿ. ನೂರು ವಾಟ್ ಪ್ಯಾನಲು ಒಳ್ಳೆಯ ಬಿಸಿಲಿನ ದಿನ ಸುಮಾರು 400 ಕೊಡುತ್ತದೆ. ನಮ್ಮವು 160ರವು ಎರಡು. ಧೂಳು, ಕಾವು, ತಂತಿಯಲ್ಲಿ ಸೋರಿಕೆ ಎಲ್ಲ ಕಳೆದರೆ ಕೈಗೆ ಸಿಗುವುದು ಒಂದು ಯೂನಿಟ್. ಮೋಡದ ದಿನ ಅದರ ಮೂರನೇ ಒಂದು ಪಾಲೂ ಕಷ್ಟ. ನಮ್ಮ ಕಡೆ ಆಷಾಢದಲ್ಲಿ ಮಳೆ ಬರಲಿ ಬಿಡಲಿ ಮೋಡ ಮಾತ್ರ ಮುಚ್ಚಿಕೊಂಡಿರುತ್ತದೆ. ಇನ್ನೊಂದು ವಿಷಯ, ಬಿಸಿಲು ಜಾಸ್ತಿಯಾದಷ್ಟೂ ಕರೆಂಟ್ ಜಾಸ್ತಿ ಅನ್ನುವುದು ಪೂರ್ತಿ ನಿಜವಲ್ಲ. ಪ್ಯಾನಲ್ ಕಾದಷ್ಟೂ ಕೊಡುವುದು ಕಡಿಮೆಯಾಗುತ್ತದೆ. ಅದಕ್ಕೇ ತಾರಸಿಯಿಂದ ಒಂದಡಿ ಎತ್ತರಿಸಿ, ಕೆಳಗೆ ಗಾಳಿ ಆಡುವ ಹಾಗೆ ಕೂರಿಸಿದ್ದು. ಪಾವಗಡ 14 ಡಿಗ್ರಿ ಅಕ್ಷಾಂಶದಲ್ಲಿದೆ. ಅಷ್ಟೇ ವಾಲಿಸಿ ದಕ್ಷಿಣಕ್ಕೆ ಮುಖ. ಹತ್ತಲು ಮೆಟ್ಟಿಲು ಇರಲೇಬೇಕು. ಏಣಿ ಇಟ್ಟು ಹತ್ತುವ ಹಾಗಿದ್ದರೆ ಯಾರೂ ಒರೆಸುವುದಿಲ್ಲ, ನನ್ನ ಮಾತು ನಂಬಿ. ನಾವು ವಾರಕ್ಕೊಮ್ಮೆ ಬೆಳಗಿನ ಜಾವ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇವೆ. ಕಾದ ಗಾಜಿಗೆ ತಣ್ಣೀರು ಹಾಕಬಾರದು. ಕೋತಿಗಳದ್ದು ಮಾತ್ರ ಇನ್ನೂ ದಾರಿ ಸಿಕ್ಕಿಲ್ಲ. ಬೆಳಿಗ್ಗೆ ಪ್ಯಾನಲಿನ ಮೇಲೆ ಸಾಲಾಗಿ ಕೂತು ಬಿಸಿಲು ಕಾಯಿಸಿಕೊಳ್ಳುತ್ತವೆ.

2018ರಲ್ಲಿ ಎಲ್ಲ ಸೇರಿ ಆದದ್ದು 43 ಸಾವಿರ. ಪ್ಯಾನಲ್ ಹನ್ನೆರಡೂವರೆ, ಬ್ಯಾಟರಿ ಹದಿನಾಲ್ಕು, ಇನ್ವರ್ಟರ್ ಮತ್ತು ಚಾರ್ಜ್ ಕಂಟ್ರೋಲರ್ ಆರೂವರೆ, ಫ್ಯಾನು ಐದು, ಸ್ಟ್ಯಾಂಡು, ತಂತಿ, ಬಲ್ಬು, ಕೂಲಿಗೆ ಐದು ಸಾವಿರ. ಎರಡು ಲಕ್ಷದ ಮುಂದೆ 43 ಸಾವಿರ! ಊರಲ್ಲಿ ಎದೆಯುಬ್ಬಿಸಿ ತಿರುಗಾಡಿದೆ. ಇನ್ನು ಮೇಲೆ ಬಿಲ್ಲಿಲ್ಲ, ಸೂರ್ಯ ಬಿಟ್ಟಿ ಅಂತ ಕಂಡವರಿಗೆಲ್ಲ ಹೇಳಿದೆ. ಆಗ ಹೇಳಿದ್ದೇ ಆ ಅರ್ಧ ಲೆಕ್ಕ.

ನಡುವೆ ಸಣ್ಣಪುಟ್ಟ ಪಾಠ ಆದವು. ಇನ್ವರ್ಟರನ್ನು ರಾತ್ರಿ ಹಗಲು ಆನ್ ಇಟ್ಟಿದ್ದೆವು. ಏನೂ ಉರಿಯದೇ ಇದ್ದರೂ ಅದು ತನ್ನಷ್ಟಕ್ಕೆ ಹನ್ನೆರಡು ವಾಟ್ ತಿನ್ನುತ್ತದೆ. ದಿನಕ್ಕೆ 288. ನಮ್ಮ ಬೆಳೆಯಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಹಂದಿ ತಿಂದ ಹಾಗೆ. ಒಂದು ವರ್ಷ ಇದು ತಿಳಿಯಲೇ ಇಲ್ಲ. ಈಗ ಬಲ್ಬು, ಫ್ಯಾನು ನೇರ ಬ್ಯಾಟರಿ ಕರೆಂಟಿನಲ್ಲಿ ನಡೆಯುತ್ತವೆ. ಮಿಕ್ಸಿ, ಟಿ.ವಿ.ಗೆ ಮಾತ್ರ ಇನ್ವರ್ಟರ್ ಹಾಕಿ, ಕೆಲಸ ಮುಗಿದ ಕೂಡಲೇ ಆರಿಸುತ್ತೇವೆ. ರೊಪ್ಪಕ್ಕೆ ಸಣ್ಣ ತಂತಿ ಎಳೆದಿದ್ದೆ, ದೀಪ ಮಿಣಮಿಣ ಅನ್ನುತ್ತಿತ್ತು. ಬ್ಯಾಟರಿಯ ಕರೆಂಟ್ ಬರೀ 12 ವೋಲ್ಟ್. ಸಣ್ಣ ಪೈಪಿನಲ್ಲಿ ನೀರು ದೂರ ಹೋದರೆ ಒತ್ತಡ ಬೀಳುವುದಿಲ್ಲವೆ, ಹಾಗೆ. ದಪ್ಪ ತಂತಿ ಹಾಕಿದ ಮೇಲೆ ಸರಿಹೋಯಿತು. 2021ರ ನವೆಂಬರಿನಲ್ಲಿ ಮಳೆ ಹಿಡಿದು ಐದು ದಿನ ಸೂರ್ಯನ ಮುಖವೇ ಕಾಣಲಿಲ್ಲ. ಚಳಿಗೆ ಫ್ಯಾನು ಬೇಕಾಗಿರಲಿಲ್ಲ, ಟಿ.ವಿ. ಮುಚ್ಚಿದೆವು, ಎರಡೇ ಬಲ್ಬಿನಲ್ಲಿ ದಾಟಿದೆವು. ಆಗ ಊರಿನಲ್ಲೂ ಕಂಬ ಬಿದ್ದು ಕತ್ತಲೆಯೇ. ಫೋನ್ ಚಾರ್ಜಿಗೆ ಊರವರು ನಮ್ಮ ಮನೆಗೆ ಬಂದಿದ್ದರು. ನನ್ನ ಜಂಬ ಇನ್ನೂ ಹೆಚ್ಚಿತು.

ಜಂಬ ಇಳಿದದ್ದು 2023ರಲ್ಲಿ. ಆ ವರ್ಷದ ಬರ ಯಾರೂ ಮರೆತಿರಲಾರರು. ಮೂರೆಕರೆ ಕಡಲೆಕಾಯಿ ಹಾಕಿದ್ದೆ, ಬಿತ್ತಿದ ಬೀಜದಷ್ಟೂ ಮನೆಗೆ ಬರಲಿಲ್ಲ. ಬಿಸಿಲಿಗೆ ಮಾತ್ರ ಬರವಿರಲಿಲ್ಲ, ಪ್ಯಾನಲ್ ಪೂರಾ ಕೊಡುತ್ತಿತ್ತು. ಆದರೆ ಬ್ಯಾಟರಿ ಹಿಡಿದಿಟ್ಟುಕೊಳ್ಳುತ್ತಿರಲಿಲ್ಲ. ಒಂಬತ್ತು ಗಂಟೆಗೆ ದೀಪ ಹಳದಿಯಾಗುವುದು, ಆಮೇಲೆ ಎಂಟಕ್ಕೆ, ಆಮೇಲೆ ಏಳೂವರೆಗೆ. ನವರಾತ್ರಿ ಶುರುವಾದ ಮೂರನೇ ದಿನ ಹೊತ್ತಿಕೊಳ್ಳಲೇ ಇಲ್ಲ. ಐದೂವರೆ ವರ್ಷವಾಗಿತ್ತು, ಆಯಸ್ಸು ಮುಗಿದಿತ್ತು. ಜೊತೆಗೆ ನಮ್ಮ ಕೈಗುಣವೂ ಸೇರಿತ್ತು. ಅದಕ್ಕೆ ಡಿಸ್ಟಿಲ್ಡ್ ನೀರೇ ಹಾಕಬೇಕು. ಒಮ್ಮೆ ತಂದಿದ್ದು ಮುಗಿದಾಗ ‘ಫಿಲ್ಟರ್ ನೀರು ತಾನೆ’ ಅಂತ ಊರಿನ ಶುದ್ಧ ನೀರಿನ ಘಟಕದ ನೀರನ್ನು ನಾನೇ ಸುರಿದಿದ್ದೆ. ಕುಡಿಯೋಕೆ ಶುದ್ಧವಾದದ್ದು ಬ್ಯಾಟರಿಗೆ ಶುದ್ಧವಲ್ಲ.

ಹೊಸ ಬ್ಯಾಟರಿ 16 ಸಾವಿರ, ಹಳೆಯದು ಕೊಟ್ಟರೆ ಮೂರು ಸಾವಿರ ಕಳೆಯುತ್ತೇವೆ ಅಂದರು. ಹದಿಮೂರು ಸಾವಿರ ಎಲ್ಲಿಂದ ತರಲಿ? ಮನೆಯಲ್ಲಿ ನಾಲ್ಕು ತಿಂಗಳ ಕೂಸು. ರಾತ್ರಿ ಅದು ಅತ್ತರೆ ಸೊಸೆ ಫೋನಿನ ಟಾರ್ಚ್ ಹಿಡಿದು ತೊಟ್ಟಿಲ ಸುತ್ತ ನೋಡಬೇಕು. ಹೊಲದ ಮನೆ, ಹಾವು ಚೇಳು ಇರುವ ಜಾಗ. ಆ ಫೋನನ್ನು ಚಾರ್ಜ್ ಮಾಡಲು ಮಗ ದಿನಾ ಊರಿಗೆ ಹೋಗಿ ಬರುತ್ತಿದ್ದ. ಸೊಸೆ ನನ್ನ ಎದುರು ಮಾತಾಡುವವಳಲ್ಲ. ಒಂದು ರಾತ್ರಿ ಊಟಕ್ಕೆ ಬಡಿಸುತ್ತಾ ‘ಮಾವ, ಸೂರ್ಯ ಬಿಟ್ಟಿ ಅಂತ ನೀವೇ ಹೇಳ್ತಿದ್ರಲ್ಲ’ ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ.

ಇಪ್ಪತ್ತನಾಲ್ಕು ರಾತ್ರಿ ಹಾಗೇ ಕಳೆದವು. ಕೊನೆಗೆ ಎರಡು ಟಗರು ಮಾರಿದೆ. ಬರದ ವರ್ಷ, ಮೇವಿಲ್ಲ, ಎಲ್ಲರೂ ಮಾರುವವರೇ. ಕೇಳಿದ ರೇಟಿಗೆ ಕೊಟ್ಟು ಬಂದೆ. ದೀಪಾವಳಿಗೆ ಎರಡು ದಿನ ಮುಂಚೆ ಬ್ಯಾಟರಿ ಬಂತು.

ಆ ಮೇಲೆ ಕೂತು ಲೆಕ್ಕ ಹಾಕಿದೆ. ಬ್ಯಾಟರಿ ಐದು ವರ್ಷ ಬಾಳುತ್ತದೆ ಅಂತ ಹಿಡಿದರೆ 16 ಸಾವಿರಕ್ಕೆ ವರ್ಷಕ್ಕೆ 3,200. ದಿನಕ್ಕೆ ಎಂಟು ರೂಪಾಯಿ ಚಿಲ್ಲರೆ. ಅಂದರೆ ನಮಗೂ ಕರೆಂಟ್ ಬಿಲ್ ಇತ್ತು, ದಿನಾ ಬರುತ್ತಿತ್ತು. ನಾವು ಕಟ್ಟದೆ ಐದು ವರ್ಷ ಬಾಕಿ ಇಟ್ಟುಕೊಂಡು ಬಂದಿದ್ದೆವು. ಪ್ಯಾನಲ್ ಇಪ್ಪತ್ತೈದು ವರ್ಷ ಬಾಳುತ್ತದೆ ಅಂತ ಮಾರುವವರು ಹೇಳುತ್ತಾರೆ, ಅದು ಸುಳ್ಳಲ್ಲ. ಆ ಇಪ್ಪತ್ತೈದು ವರ್ಷದಲ್ಲಿ ನಾಲ್ಕು ಸಲ ಬ್ಯಾಟರಿ ಬದಲಾಯಿಸಬೇಕು ಅನ್ನುವುದನ್ನು ಮಾತ್ರ ಅದೇ ಉಸಿರಿನಲ್ಲಿ ಹೇಳುವುದಿಲ್ಲ.

ಈಗ ಡೇರಿ ಬಟವಾಡೆ ಬಂದ ದಿನ ನನ್ನ ಹೆಂಡತಿ ಮೊದಲು ನೂರೈವತ್ತು ತೆಗೆದಿಡುತ್ತಾಳೆ. ಹದಿನೈದು ದಿನಕ್ಕೊಮ್ಮೆ ಬಟವಾಡೆ, ತಿಂಗಳಿಗೆ ಮುನ್ನೂರು. ಅದನ್ನು ಅಂಚೆ ಕಚೇರಿಯ ಆರ್‌.ಡಿ.ಗೆ ಕಟ್ಟುತ್ತೇವೆ. ಅಂಚೆಯ ಆರ್‌.ಡಿ. ಐದು ವರ್ಷದ್ದು, ಬ್ಯಾಟರಿಯ ಆಯಸ್ಸಿಗೆ ಸರಿಯಾಗಿ ಕೂಡಿ ಬರುತ್ತದೆ. ಅಸಲೇ 18 ಸಾವಿರ ಆಗುತ್ತದೆ, ಬಡ್ಡಿ ಬೇರೆ. ಮನೆಯಲ್ಲಿ ಹುಂಡಿ ಇಟ್ಟಿದ್ದರೆ ಬೀಜಕ್ಕೋ ಗೊಬ್ಬರಕ್ಕೋ ನಾನೇ ಒಡೆದುಬಿಡುತ್ತಿದ್ದೆ.

ಸೋಲಾರಿಗೆ ಸಾಲ ಕೊಡುವವರಿಗೂ ಒಂದು ಮಾತು. 1995ರಲ್ಲಿ ಬೆಂಗಳೂರಿನಲ್ಲಿ ಸೆಲ್ಕೋ ಶುರು ಮಾಡಿದವರಲ್ಲಿ ಒಬ್ಬರಾದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬೀದಿ ವ್ಯಾಪಾರಿಗೆ ತಿಂಗಳಿಗೆ ಮುನ್ನೂರು ಭಾರ, ದಿನಕ್ಕೆ ಹತ್ತಾದರೆ ಹಗುರ ಅನ್ನುವುದನ್ನು ಅವರು ಹೇಳುತ್ತಾ ಬಂದಿದ್ದಾರೆ. ಅದೇ ನ್ಯಾಯ ಖುಷ್ಕಿ ರೈತನಿಗೂ ಬೇಕು. ನಮ್ಮ ಕೈಗೆ ದುಡ್ಡು ಬರುವುದು ಸುಗ್ಗಿಗೆ. ತಿಂಗಳ ಕಂತು ಬೇಡ, ಕಡಲೆಕಾಯಿ ಬಿಡಿಸಿದ ಮೇಲೆ ಒಂದು, ತೊಗರಿ ಬಡಿದ ಮೇಲೆ ಒಂದು ಕಂತು ಇಡಿ. ಬರ ಬಿದ್ದ ವರ್ಷ ಮುಂದಕ್ಕೆ ಹಾಕಿ. ಬ್ಯಾಟರಿಯ ಬದಲಿಗೂ ಸಾಲ ಕೊಡಿ. ಈಗ ಮೊದಲ ಸಲ ಹಾಕಿಸುವಾಗ ಎಲ್ಲರೂ ಓಡಿ ಬರುತ್ತಾರೆ, ಎರಡನೇ ಬ್ಯಾಟರಿಗೆ ಯಾರೂ ಇರುವುದಿಲ್ಲ. ನಮ್ಮಂಥ ಹತ್ತು ಹೊಲದ ಮನೆಯವರು ಸೇರಿ ಬ್ಯಾಟರಿ ಚೀಟಿ ಹಾಕಿಕೊಂಡರೂ ಆಗುತ್ತದೆ. ಎಲ್ಲರ ಬ್ಯಾಟರಿಯೂ ಒಂದೇ ವರ್ಷ ಸಾಯುವುದಿಲ್ಲವಲ್ಲ.

ನನ್ನ ಮಗ ಈ ಬರಹಕ್ಕೆ ಒಪ್ಪುವುದಿಲ್ಲ. ‘ಅಪ್ಪ, ಊರಲ್ಲಿ ಗೃಹಜ್ಯೋತಿ ಐತೆ, ತಂತಿ ಎಳೆಸಿದ್ರೆ ಬಿಲ್ಲೇ ಇಲ್ಲ, ಈ ಬ್ಯಾಟರಿ ಪೂಜೆ ಯಾಕೆ?’ ಅಂತಾನೆ. 2023ರಲ್ಲಿ ಬಂದ ಯೋಜನೆ, 200 ಯೂನಿಟ್ ಒಳಗೆ ಬಳಸುವ ಮನೆಗಳಿಗೆ ಅವರವರ ಹಿಂದಿನ ಸರಾಸರಿ, ಅದರ ಮೇಲೆ ಇನ್ನು ಸ್ವಲ್ಪದವರೆಗೆ ಬಿಲ್ಲಿಲ್ಲ. ಅವನ ಮಾತಿನಲ್ಲಿ ಸತ್ಯವಿದೆ. ಎರಡು ಮೂರು ಕಂಬದ ದೂರದಲ್ಲಿ ಲೈನ್ ಇರುವವರು ಸುಮ್ಮನೆ ತಂತಿ ಎಳೆಸಿಕೊಳ್ಳಿ, ನನ್ನನ್ನು ನೋಡಿ ಬ್ಯಾಟರಿ ಕಟ್ಟಿಕೊಳ್ಳಬೇಡಿ. ನನ್ನನ್ನು ಬೈಯುವ ಇಬ್ಬರಲ್ಲಿ ಒಬ್ಬರ ಕಥೆ ಅದೇ. ಮನೆ ಮುಂದೆ ಕಂಬ ಇಟ್ಟುಕೊಂಡು ಸೋಲಾರಿಗೆ ದುಡ್ಡು ಸುರಿದರು.

ಇನ್ನೊಬ್ಬರದು ಬೇರೆ. 2024ರ ಫೆಬ್ರುವರಿಯಲ್ಲಿ ಕೇಂದ್ರದವರು ಪಿ.ಎಂ. ಸೂರ್ಯಘರ್ ಅಂತ ಮಾಡಿದರು. ಎರಡು ಕಿಲೋವಾಟಿಗೆ 60 ಸಾವಿರ, ಮೂರು ಅಥವಾ ಹೆಚ್ಚಿಗೆ 78 ಸಾವಿರ ಸಬ್ಸಿಡಿ. ಅದು ಮೀಟರ್ ಇರುವ ಮನೆಗೆ, ಪ್ಯಾನಲನ್ನು ಲೈನಿಗೆ ಜೋಡಿಸುವ ಬಗೆ. ಅವರು ಹಾಕಿಸಿದರು. ಲೈನ್ ಹೋದಾಗ ಮನೆಯಲ್ಲಿ ಕತ್ತಲೆ! ತಾರಸಿ ಮೇಲೆ ಬಿಸಿಲು ಸುರಿಯುತ್ತಿದೆ, ಒಳಗೆ ಫ್ಯಾನ್ ತಿರುಗುವುದಿಲ್ಲ. ಅದು ಕೆಟ್ಟಿರಲಿಲ್ಲ. ಲೈನಿಗೆ ಜೋಡಿಸಿದ ಸೋಲಾರ್, ಲೈನ್ ಹೋದರೆ ತಾನೂ ನಿಲ್ಲಬೇಕು, ಇಲ್ಲದಿದ್ದರೆ ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮ್ಯಾನಿಗೆ ಶಾಕ್ ಹೊಡೆಯುತ್ತದೆ. ಕರೆಂಟ್ ಹೋದಾಗಲೂ ದೀಪ ಬೇಕೆಂದರೆ ಬ್ಯಾಟರಿ ಬೇರೆ ಇರಬೇಕು. ಇದನ್ನು ಹಾಕಿಸುವ ಮುಂಚೆ ಕೇಳಿ ತಿಳಿದುಕೊಳ್ಳಿ. ಬಿಲ್ಲೇ ಬಾರದ ಸಣ್ಣ ಮನೆಗೆ ಅದರಿಂದ ಉಳಿತಾಯ ಎಷ್ಟು ಅಂತಲೂ ಲೆಕ್ಕ ಹಾಕಿ.

ನಮ್ಮಂಥವರಿಗೆ, ಊರಿನಿಂದ ದೂರ ಹೊಲದಲ್ಲಿ ಇರುವವರಿಗೆ, ಈಗಲೂ ಇದೇ ದಾರಿ ಅಂತ ನನ್ನ ಅಭಿಪ್ರಾಯ. ಖುಷ್ಕಿಯವರಿಗೆ ಇದು ಕಲಿಸಿಕೊಡಬೇಕಾದ ವಿದ್ಯೆಯೂ ಅಲ್ಲ. ಬಿದ್ದ ಮಳೆ ನೋಡಿ ಬಿತ್ತುವವರು ನಾವು. ಮಧ್ಯಾಹ್ನ ಮೋಡ ಕವಿದರೆ ನನ್ನ ಹೆಂಡತಿ ಯಾರೂ ಹೇಳದೆ ಒರಳಿನಲ್ಲಿ ಚಟ್ನಿ ರುಬ್ಬುತ್ತಾಳೆ. ನಾಲೆ ನೀರಿನವರ ಹಾಗೆ ಬಳಸಲು ಹೋದರೆ ಮಾತ್ರ ಸೋಲಾರ್ ಕೈ ಕೊಡುತ್ತದೆ.

ನಮ್ಮ ಆರ್‌.ಡಿ. 2028ರ ನವೆಂಬರಿಗೆ ಮುಗಿಯುತ್ತದೆ. ಅಷ್ಟರಲ್ಲಿ ಈ ಬ್ಯಾಟರಿಗೂ ಐದು ತುಂಬುತ್ತದೆ. ಮುಂದಿನದು ಲಿಥಿಯಂ ತರೋಣ, ನೀರು ಹಾಕುವ ರಗಳೆ ಇಲ್ಲ, ಬಾಳಿಕೆಯೂ ಹೆಚ್ಚು ಅಂತ ಮಗ ಈಗಲೇ ಹೇಳುತ್ತಿದ್ದಾನೆ. ಆಗಿನ ರೇಟು, ಆಗಿನ ಪಾಸ್‌ಬುಕ್ಕು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ ಅಂದಿದ್ದೇನೆ. ತಂತಿ ಎಳೆಸುವ ಮಾತು ಅವನು ಇನ್ನೂ ಬಿಟ್ಟಿಲ್ಲ.